ಹನ್ನೊಂದನೆಯ ಅಂಗಡಿ

ದಾವಣಗೆರೆ ಮಂಡಿಪೇಟೆಯಲ್ಲಿ ಬೆಳಗ್ಗಿನಿಂದ ಹತ್ತು ಅಂಗಡಿ.
"ಬೋಣಿ ಆಗಿಲ್ಲ, ಸಂಜೆ ಬಾ" ಅಂದವರು ನಾಲ್ವರು.
ಒಬ್ಬರು ನನ್ನ ಕರಪತ್ರದಲ್ಲೇ
ಗಿರಾಕಿಗೆ ಏಲಕ್ಕಿ ಕಟ್ಟಿಕೊಟ್ಟರು.

ಹನ್ನೊಂದನೆಯದು ಮೆಟ್ಟಿಲ ಕೆಳಗಿನ ಸಂದು.
ತಕ್ಕಡಿ ರಿಪೇರಿಯ ಮೌನೇಶಾಚಾರ್ರು
ಮುಳ್ಳಿಗೆ ಅರ ಉಜ್ಜುತ್ತಾ, ತಲೆ ಎತ್ತದೆ,
"ಹೇಳವ್ವ."

ಹೇಳಿದೆ. ಬಾಯಿಪಾಠ:
ಮ್ಯಾಪಿನಲ್ಲಿ ನಿಮ್ಮ ಗುರುತು, ಐದು ಸ್ಟಾರು,
ಹಬ್ಬಕ್ಕೊಂದು ವಾಟ್ಸಾಪು ಶುಭಾಶಯ,
ತಿಂಗಳಿಗೆ ಬರೀ ಒಂಬೈನೂರ ತೊಂಬತ್ತೊಂಬತ್ತು.

"ಸಾವಿರ ಅನ್ನಾಕೆ ಏನು ಕಷ್ಟ?"
ಕಡಿಮೆ ತೂಗಿದ ಆ ಒಂದು ರೂಪಾಯಿ
ಅವರ ಕೈಗೆ ಆಗಲೇ ಸಿಕ್ಕಿಬಿದ್ದಿತ್ತು.

ಫಾರ್ಮು ತೆಗೆದೆ. ಅಂಗಡಿಯ ಹೆಸರು?
ಇಲ್ಲ.
ಬೋರ್ಡು?
"ಮುಳ್ಳು ಕೆಟ್ಟೋನು ಕೇಳ್ಕೊಂಡು ಬರ್ತಾನೆ.
ಮುಳ್ಳು ಕೆಡಿಸು ಅನ್ನೋನೂ ಬರ್ತಾನೆ, ಕತ್ತಲಾದ ಮೇಲೆ.
ಬೈದು ಕಳಿಸ್ತೀನಿ.
ಅವನು ಎಷ್ಟು ಸ್ಟಾರು ಕೊಡ್ತಾನವ್ವ?"

ನಗು ಬಂತು, ನುಂಗಿದೆ.
ಅವರು ನನ್ನ ಹೆಗಲ ಚೀಲ ಇಸಿದುಕೊಂಡು
ರಿಪೇರಿಗೆ ಬಂದಿದ್ದ ಕೊಕ್ಕೆತಕ್ಕಡಿಗೆ ನೇತುಹಾಕಿದರು.
ಎರಡು ಕಿಲೋ ನಾನೂರು.
"ಬೆಳಗ್ಗೆ ಎಷ್ಟಿತ್ತು?"
ನಾನು ತೂಗಿರಲಿಲ್ಲ.

ಚಹಾ ತರಿಸಿದರು, ಅರ್ಧರ್ಧ ಲೋಟ.
ಸಾಣೆಯ ಧೂಳು ಅದರಲ್ಲಿ ತೇಲುತ್ತಿತ್ತು, ಕುಡಿದೆ.
ಕಾಲು ಎಷ್ಟು ನೋಯುತ್ತಿತ್ತು ಅಂತ
ಕೂತ ಮೇಲೆ ತಿಳಿಯಿತು.

ಅಷ್ಟರಲ್ಲಿ ಮಂಡಕ್ಕಿ ಭಟ್ಟಿಯ ಹುಡುಗನೊಬ್ಬ
ಹೆಗಲ ಮೇಲೆ ತಕ್ಕಡಿ, ಮೈಯೆಲ್ಲ ಬೆವರು:
"ಅರ್ಧ ತಾಸು ಸುತ್ತಿದೆ ಅಜ್ಜ,
ನಿಮ್ಮಂಗಡಿ ಎಲ್ಲೈತೆ ಅಂತ
ಒಬ್ರಿಗೂ ಗೊತ್ತಿಲ್ಲ."

ಆಚಾರ್ರು ನನ್ನ ಕಡೆ ನೋಡಲಿಲ್ಲ.
ನಾನೂ ಪೆನ್ನಿನ ಮುಚ್ಚಳ ಹಾಕಲಿಲ್ಲ.