ರಾತ್ರಿ ಪಾಳಿಯಿಂದ ಕೆಲವು ಪ್ರಶ್ನೆಗಳು

ಕಾಣದ ವಿನ್ಯಾಸಕರೇ,
ನಿಮ್ಮ ಕಟ್ಟು ಬಿಚ್ಚಿದೆ. ಹನ್ನೊಂದು ಕಡತ.
ಇಲ್ಲಿ ಆನ್ಸಾನ್, ಎರಡನೇ ಮಹಡಿ, ಗಂಟೆ ಎರಡೂಕಾಲು.
ಕೆಳಗೆ ತಾಮ್ರ ತೊಳೆವ ತೊಟ್ಟಿಗಳ ಹುಳಿವಾಸನೆ
ಮೆಟ್ಟಿಲು ಹತ್ತಿ ಬಂದು
ನನ್ನ ಬಾರ್ಲಿ ಚಹಾದ ಪಕ್ಕ ಕೂತಿದೆ.

ಒಂದೊಂದನ್ನೇ ಹಾಸುತ್ತೇನೆ ಪರದೆಯ ಮೇಲೆ.
ಮೇಲಿನ ತಾಮ್ರ ಕೆಂಪು, ಕೆಳಗಿನದು ನೀಲಿ,
ನಡುವಿನ ಎರಡಕ್ಕೆ ನನಗೆ ತೋಚಿದ ಬಣ್ಣ.
ನಿಮ್ಮ ಗೆರೆಗಳು ಎಲ್ಲೂ ಚೌಕಕ್ಕೆ ತಿರುಗುವುದಿಲ್ಲ,
ಸಂಕೋಚದವರು ಬಾಗಿಲಲ್ಲಿ ಓರೆಯಾಗಿ ನುಸುಳುವಂತೆ
ನಲವತ್ತೈದು ಡಿಗ್ರಿ.
ಕಿವಿಯೊಳಗಿಡುವ ಯಂತ್ರದ್ದಿರಬೇಕು,
ಜರದಾಳು ಬೀಜದಷ್ಟಿದೆ ಹಲಗೆ.

ಕೆಲಸ ಕಲಿಸಿದ್ದು ಪ್ಯೋ ಅಕ್ಕ.
ಕಡತಗಳೆಲ್ಲ ಫಿಲ್ಮಾಗಿದ್ದ ಕಾಲದವಳು,
ದೀಪದ ಮೇಜಿನ ಮೇಲೆ ಹಾಳೆಗೆ ಹಾಳೆ ಹೊಂದಿಸುತ್ತ
ಒಂದು ಕಣ್ಣನ್ನು ಭೂತಗನ್ನಡಿಗೇ ಕೊಟ್ಟವಳು.
ಮೊದಲ ದಿನ ಹೇಳಿದ್ದು ಇಷ್ಟೇ:
"ಮೇಲೆ ನಿಂತು ನೋಡು. ಯಾವತ್ತೂ ಮೇಲಿಂದಲೇ,
ಬಾವಿ ಇಣುಕಿದ ಹಾಗೆ.
ತಳದ ಅಕ್ಷರ ತಿರುಗಾಮುರುಗಾ ಕಂಡರೆ ಸರಿ,
ನೆಟ್ಟಗೆ ಓದಿಸಿಕೊಂಡರೆ ಎಲ್ಲೋ ಎಡವಟ್ಟಾಗಿದೆ."

ನನಗೆ ಅದು ಕಷ್ಟವಾಗಲಿಲ್ಲ.
ತಾಷ್ಕೆಂಟಿನಲ್ಲಿ ನಾನು ತ್ಸೊಯ್, ಜೋಯಾ ತ್ಸೊಯ್.
ಇಲ್ಲಿ ಕೊರಳ ಕಾರ್ಡಿನ ಮೇಲೆ ಚ್ವೆ.
ಅದೇ ಹೆಸರು, ಇನ್ನೊಂದು ಮಗ್ಗುಲಿಂದ.
ಅಜ್ಜಿಯಿಂದ ಬಂದ ನನ್ನ ಕೊರಿಯನ್ ಮಾತಿಗೆ
ತರಕಾರಿಯವಳು ನಗುತ್ತಾಳೆ,
ನೂರು ವರ್ಷ ಉಪ್ಪಿನಲ್ಲಿ ಹಾಕಿಟ್ಟದ್ದಂತೆ ಅದು.

ಅದಿರಲಿ. ನಿಮ್ಮ ಹಸಿರು ಮುಸುಕಿನ ಪದರ.
ಅಲ್ಲಿ ಬರೆದದ್ದೆಲ್ಲ ಇಲ್ಲದ್ದು:
ಚುಕ್ಕಿ ಇಟ್ಟಲ್ಲಿ ಬಣ್ಣವಿಲ್ಲ, ಬಿಟ್ಟಲ್ಲೆಲ್ಲ ಬಣ್ಣ.
ಹೊಸಬರು ಇಲ್ಲೇ ಮುಗ್ಗರಿಸುವುದು. ನೀವಿಲ್ಲ.
ಬೆಸುಗೆ ಹಿಟ್ಟಿನ ಪದರ ಮಾತ್ರ ನಮ್ಮದಲ್ಲ,
ತಗಡು ಕೊರೆಯುವವರಿಗೆ ಸೇರಿದ್ದು.
ಪಕ್ಕಕ್ಕಿಟ್ಟಿದ್ದೇನೆ, ಮದುವೆಮನೆಯಲ್ಲಿ
ಯಾರೋ ಬಿಟ್ಟುಹೋದ ಚಪ್ಪಲಿಯಂತೆ.

ಪ್ರಶ್ನೆ ಒಂದು.
ತೂತುಗಳ ಕಡತದಲ್ಲಿ ಅಳತೆಯ ಹೆಸರಿಲ್ಲ.
ಇಂಚೋ, ಮಿಲಿಮೀಟರೋ?
ಬರೀ ಅಂಕಿ, ದಶಮಾಂಶದ ಚುಕ್ಕಿಯೂ ಇಲ್ಲದ ಅಂಕಿ.
ಇಂಚೆಂದು ಓದಿದರೆ ನಿಮ್ಮ ತೂತುಗಳು
ಹಲಗೆ ದಾಟಿ, ಮೇಜು ದಾಟಿ
ಗಾಳಿಯನ್ನು ಕೊರೆಯಲು ಹೊರಡುತ್ತವೆ.
ಮಿಲಿಮೀಟರೆಂದೇ ಹಿಡಿದಿದ್ದೇನೆ,
ಆದರೂ ನಿಮ್ಮ ಬಾಯಿಂದ ಬರಲಿ.

ಪ್ರಶ್ನೆ ಎರಡು.
ಇದನ್ನು ಬರೆಯುವಷ್ಟರಲ್ಲಿ ಚಹಾ ಆರಿತು.
ಮೂರನೇ ಪದರ, ಎಡಮೂಲೆ,
ಯಾವ ಗೆರೆಯೂ ಹಾಯದ ಬಯಲು ತಾಮ್ರದಲ್ಲಿ
ಕೆತ್ತಿ ತೆಗೆದ ಐದು ರೋಮನ್ ಅಕ್ಷರ.
ಕೂಡಿಸಿದರೆ, ವೆನ್ಲಾ.
ಹೆಸರಿಗೆಂದೇ ಬಿಳಿ ಶಾಯಿಯ ಪದರವಿದೆ,
ಎಲ್ಲರೂ ಓದಲೆಂದು. ಅಲ್ಲಿ ನೀವು ಬರೆದಿಲ್ಲ.
ಇಲ್ಲಿ ಬರೆದರೆ, ಬಿಸಿ ಒತ್ತಿನಡಿ ರಾಳ ಕರಗಿ
ನಾಲ್ಕೂ ಪದರ ಒಂದಾದ ಮೇಲೆ
ಹಲಗೆ ಮುರಿಯದೆ ಯಾರ ಕಣ್ಣಿಗೂ ಬೀಳದು.
ಮೇಲಿಂದ ನೋಡಿದರೆ ನೆಟ್ಟಗಿದೆ ಹೆಸರು,
ನೋಡಿದವಳು ನಾನೊಬ್ಬಳೇ.

ಕಣ್ತಪ್ಪೋ, ಬೇಕೆಂದೋ?
ಅಕ್ಷರದ ಸಂದು ನಮ್ಮ ಮಿತಿಗಿಂತ ಕಿರಿದು,
ದ್ರಾವಣ ಇಳಿಯದೆ ಮೊದಲಕ್ಷರ ಮುಚ್ಚಿಹೋದೀತು.
ಒಪ್ಪಿದರೆ ಅಗಲಿಸುತ್ತೇನೆ,
ಬೇಡವೆಂದರೆ ಅಳಿಸುತ್ತೇನೆ.

ಬೆಂಚಿನ ಮೇಲೆ ಮಲಗಿದ್ದ ಪ್ಯೋ ಅಕ್ಕನನ್ನು ಎಬ್ಬಿಸಿ ತೋರಿಸಿದೆ.
ಮೂಗು ಪರದೆಗೆ ತಾಗುವಷ್ಟು ಬಗ್ಗಿ
"ಅಂಚಿನ ಗೆರೆ ಕೂಡಿದೆಯಾ ನೋಡಿದೆಯಾ?" ಎಂದಳು.
ಹೆಸರಿನ ಬಗ್ಗೆ ಏನೂ ಹೇಳದೆ
ಹೋಗಿ ಮಗ್ಗುಲಾದಳು.

ಕೂಡಿರಲಿಲ್ಲ. ಕೆಳಗೆ, ಬಲಕ್ಕೆ,
ಎರಡು ತುದಿಗಳ ನಡುವೆ ಧೂಳಿನಷ್ಟು ಬಿರುಕು.
ಅದನ್ನು ಕೇಳದೆ ಕೂಡಿಸಿದ್ದೇನೆ. ಕ್ಷಮಿಸಿ.
ಉಳಿದೆರಡಕ್ಕೆ ಆರರೊಳಗೆ ಉತ್ತರಿಸಿ.
ಆರಕ್ಕೆ ನನ್ನ ಪಾಳಿ ಮುಗಿಯುತ್ತದೆ.
ಆಮೇಲೆ ಕೂರುವ ಹುಡುಗ ಬಲು ಚುರುಕು,
ಕೇಳುತ್ತ ಕೂರುವವನಲ್ಲ,
ಅಳಿಸಿಬಿಡುತ್ತಾನೆ.