ಪುಟ್ಟ ಹತ್ತಿ

ಮೊದಲು ಹಾಲಿನ ಕೆನೆ ಅಂದುಕೊಂಡೆ.
ಬೆರಳಿಗೆ ಬಟ್ಟೆ ಸುತ್ತಿ ಒರೆಸಿದೆ, ಹೋಗಲಿಲ್ಲ.
ಇನ್ನೊಮ್ಮೆ ಒರೆಸಿದೆ,
ಬಿಳಿಯ ಅಡಿಯಲ್ಲಿ ಕೆಂಪು ಕಂಡಿತು.
ಅಷ್ಟು ಸಣ್ಣ ಬಾಯಲ್ಲಿ ಅಷ್ಟು ದೊಡ್ಡ ಚೀರು.

ಮೂರನೆಯ ರಾತ್ರಿ ನನಗೂ ಬಂತು.
ನೀನು ಬಾಯಿ ಹಾಕಿದ್ದೇ ತಡ
ಒಡೆದ ಬಾಟಲಿಯ ಚೂರಿಗೆ ದಾರ ಕಟ್ಟಿ
ಮೊಲೆತೊಟ್ಟಿನಿಂದ ಬೆನ್ನಿನವರೆಗೆ
ಯಾರೋ ನಿಧಾನಕ್ಕೆ ಎಳೆದಂತೆ.
ಕಾಲ್ಬೆರಳು ಮಡಚಿ ಹತ್ತರವರೆಗೆ ಎಣಿಸುತ್ತೇನೆ.
ಹತ್ತು ಮುಗಿಯುತ್ತದೆ, ಉರಿ ಮುಗಿಯುವುದಿಲ್ಲ,
ಮತ್ತೆ ಒಂದರಿಂದ.
ಜೀನ್ಸ್ ಕಾರ್ಖಾನೆಯಲ್ಲಿ ಒಮ್ಮೆ ಮಿಷಿನ್ನಿನ ಸೂಜಿ
ನನ್ನ ಉಗುರು ದಾಟಿ ಹೋಗಿತ್ತು.
ಇದರ ಮುಂದೆ ಅದು ಸಭ್ಯ ಸೂಜಿ.
ಒಂದೇ ಸಲ ಚುಚ್ಚಿ ಸುಮ್ಮನಾಗಿತ್ತು.

ನಮ್ಮ ಮಾತಿನಲ್ಲಿ ಈ ಅಗ್ರಕ್ಕೆ
ಅಲ್ಗೊದೊನ್ಸಿಯೊ ಅನ್ನುತ್ತಾರೆ, ಪುಟ್ಟ ಹತ್ತಿ.
ತೊರ್ರೆಯೋನ್ ಊರಲ್ಲಿ
ಹತ್ತಿಯ ಹೆಸರು ಹಗುರಾಗಿ ಎತ್ತುವಂತಿಲ್ಲ.
ನಿನ್ನ ಮುತ್ತಜ್ಜಿ ಎಂಕಾರ್ನಸಿಯೋನ್
ಎಂಟನೇ ವಯಸ್ಸಿಗೇ ತನಗಿಂತ ಉದ್ದದ ಗೋಣಿ ಎಳೆದವಳು,
ನದಿಯಲ್ಲಿ ಇನ್ನೂ ನೀರಿದ್ದಾಗ.
ನಿನ್ನ ಬಾಯಿ ಬೆಳಕಿಗೆ ಹಿಡಿದು ನೋಡಿ ಅಂದಳು:
"ಕೀಳಬೇಡವೇ ಇದನ್ನ. ಹಸಿ ಕಾಯಿ ಕಿತ್ತರೆ ರಕ್ತ.
ರಕ್ತ ಅಂಟಿದ ಹತ್ತಿಗೆ ನಮಗೆ ಕೂಲಿ ಮುರೀತಿದ್ರು.
ಮತ್ತೆ, ಹತ್ತಿ ಹತ್ತಿಕೊಂಡರೆ ಬೇಗ ಆರೋದಲ್ಲ."

ಆಮೇಲೆ ಪೆಟ್ಟಿಗೆಯ ತಳದಿಂದ ಒಂದು ಸೀಸೆ ತಂದಳು.
ನೇರಳೆ ಔಷಧಿ, ಮುಚ್ಚಳದ ಸುತ್ತ ಒಣಗಿ ಗಟ್ಟಿಯಾದದ್ದು.
ಆರು ಮಕ್ಕಳ ಬಾಯಿಗೂ ಇದನ್ನೇ ಬಳಿದಿದ್ದಳಂತೆ.
ಗೋಡೆಯ ಮೇಲಿನ ಫೋಟೋದಲ್ಲಿ ನಿನ್ನ ಅಜ್ಜ
ಏಳು ತಿಂಗಳ ಕೂಸು, ತುಟಿ ಕಪ್ಪೋ ಕಪ್ಪು.
ಅದು ಕಪ್ಪಲ್ಲ ಎಂದು ಅವಳಿಗೊಬ್ಬಳಿಗೇ ಗೊತ್ತು.

ಚಿಕಿತ್ಸಾಲಯದ ಡಾಕ್ಟರ್ ಸುಲೇಮಾ, ನನಗಿಂತ ಚಿಕ್ಕವಳು,
ಸೀಸೆಯನ್ನು ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕಿಟ್ಟಳು.
"ಇದು ಬೇಡ, ಎಳೆ ಬಾಯಿ ಸುಡಬಹುದು."
ನಿನಗೆ ಹಳದಿ ಹನಿ, ಹಾಲು ಕುಡಿದ ಮೇಲೆ, ದಿನಕ್ಕೆ ನಾಲ್ಕು ಸಲ.
ನನಗೆ ಮುಲಾಮು.
"ಇಬ್ಬರಿಗೂ ಒಟ್ಟಿಗೇ. ಒಬ್ಬರಿಗೆ ತಪ್ಪಿದರೂ
ಇದು ನೆರೆಮನೆಯ ಕೈಸಾಲದ ಹಾಗೆ,
ನೀನು ಅವನಿಗೆ ಕೊಡುತ್ತೀಯ,
ಅವನು ಬಡ್ಡಿ ಸೇರಿಸಿ ತೀರಿಸುತ್ತಾನೆ."
"ಹಾಲು ನಿಲ್ಲಿಸಲಾ?"
"ಯಾಕೆ ನಿಲ್ಲಿಸ್ತೀಯ?" ಅಂದಳು. ಆಗ ನನಗೆ ಅಳು ಬಂತು.
ನಿಲ್ಲಿಸು ಅನ್ನಲಿ ಎಂದು ಕಾಯುತ್ತಿದ್ದೆನೋ ಏನೋ.

ಅವರೆ ಬೇಯಿಸುವ ಪಾತ್ರೆಯಲ್ಲಿ ನಿನ್ನ ಚೀಪುನಿಪ್ಪಲು ಕುದಿಯಿತು.
ನನ್ನ ಬ್ರಾಗಳನ್ನೆಲ್ಲ ಫಿದೆನ್ಸಿಯೋ ತಾರಸಿಯ ಬಿಸಿಲಿಗೆ ಹರವಿದ,
ಎದುರುಮನೆಯವರು ಎಣಿಸುವಂತೆ.
ಮುಲಾಮು ಹಚ್ಚಿ, ಎದೆ ಗಾಳಿಗೆ ಬಿಟ್ಟು
ನಾನು ಕೂಲರಿನ ಮುಂದೆ ಕೂತಿದ್ದಾಗಲೇ
ನೀರಿನ ಕ್ಯಾನಿನವನು ಬಾಗಿಲು ಬಡಿದ.
ಮುತ್ತಜ್ಜಿ ಕೋಲು ಅಡ್ಡ ಹಿಡಿದು ಕೂಗಿದಳು,
"ಇವತ್ತು ಈ ಮನೆಯಲ್ಲಿ ಯಾರಿಗೂ ಬಾಯಾರಿಕೆ ಇಲ್ಲ!"

ಐದನೆಯ ಬೆಳಿಗ್ಗೆ ಅವಳು ಕಾಫಿ ಮುಟ್ಟಲಿಲ್ಲ.
ಏನಾಯ್ತು ಅಂದರೆ ಮಾತಿಲ್ಲ.
ಒತ್ತಾಯ ಮಾಡಿದ ಮೇಲೆ ಬಾಯಿ ತೆರೆದಳು.
ನಾಲಗೆ ಪೂರ್ತಿ ನೇರಳೆ.
"ಆರು ಮಕ್ಕಳಿಗೆ ಬಳಿದೆ," ಅಂದಳು,
"ಸುಡುತ್ತೆ ಅಂತ ಯಾರೂ ಹೇಳಲಿಲ್ಲ.
ಯಾರಿಗೂ ಇನ್ನೂ ಮಾತು ಬಂದಿರಲಿಲ್ಲ."
ಸುಟ್ಟಿತಾ ಎಂದು ನಾನು ಕೇಳಲಿಲ್ಲ.
ನೀನು ಮಾತ್ರ ಆ ಬಣ್ಣ ನೋಡಿ
ಎರಡೂ ಕೈ ಚಾಚಿದೆ.

ನಿನ್ನೆ ರಾತ್ರಿ ಕಾಲ್ಬೆರಳು ಮಡಚಿ ಶುರು ಮಾಡಿದೆ.
ಒಂದು, ಎರಡು, ಮೂರು, ನಾಲ್ಕು.
ಐದು ಎಲ್ಲಿ ಹೋಯಿತೋ.
ಕಣ್ಣು ತೆರೆದಾಗ ಕಿಟಕಿ ಬೆಳ್ಳಗಾಗಿತ್ತು,
ನಿನ್ನ ಗಲ್ಲದಿಂದ ನನ್ನ ಪಕ್ಕೆಗೆ ಹಾಲು ಇಳಿದು ಒಣಗಿತ್ತು.
ನಾಲಗೆ ನೋಡಿದೆ. ಬರೀ ನಾಲಗೆ.

ಆದರೂ ಬಿಳಿ ಹೋದ ಮೇಲೆ ಇನ್ನೆರಡು ದಿನ ಅಂದಿದ್ದಾಳೆ ಡಾಕ್ಟರು.
ಮುಖ ತಿರುಗಿಸಬೇಡ, ನನಗೂ ಇದೆ ನನ್ನದು.
ಎಲ್ಲಿ, ಆ ಅನ್ನು.