ನೈಸರ್ಗಿಕ ಹೆಚ್ಚಳ

ಲಿಯೊಂಗಾಥಾದ ಪೇಟೆಬೀದಿಯಲ್ಲಿ, ಬೇಕರಿಯ ಮೇಲಿನ ಕೋಣೆಯಲ್ಲಿ
ಇಪ್ಪತ್ತೆರಡು ಕೊಟ್ಟಿಗೆಗಳ ಲೆಕ್ಕ ಬರೆಯುತ್ತೇನೆ ನಾನು.
ಹಸು ನನಗೆ ಒಂದು ಸಾಲು.
ಎಡಕ್ಕೆ ಕಿವಿಯೋಲೆಯ ಸಂಖ್ಯೆ, ಬಲಕ್ಕೆ ಬೆಲೆ,
ನಡುವೆ ಒಂದಿಷ್ಟು ಬಿಳಿ ಜಾಗ.

ಇಲ್ಲಿನ ತೆರಿಗೆಯ ಭಾಷೆಯಲ್ಲಿ
ಹುಟ್ಟಿಗೊಂದು ಹೆಸರಿದೆ: ನೈಸರ್ಗಿಕ ಹೆಚ್ಚಳ.
ಮಳೆ ಬಿದ್ದು ಹುಲ್ಲು ಚಿಗುರಿದ ಹಾಗೆ, ತಾನೇ ತಾನಾಗಿ;
ಯಾರೂ ಭುಜದವರೆಗೆ ಗವಸು ತೊಟ್ಟೇ ಇರಲಿಲ್ಲವೆಂಬ ಹಾಗೆ,
ಯಾರೂ ಕ್ಯಾಲೆಂಡರ್ ನೋಡಿರಲಿಲ್ಲವೆಂಬ ಹಾಗೆ.
ತಲೆಗೆ ಇಷ್ಟು ಡಾಲರ್ ಎಂದು ಗೀಚಿದರೆ ಮುಗಿಯಿತು.
ಹನ್ನೊಂದು ವರ್ಷ ಆ ಕಾಲಂ ತುಂಬಿದ್ದೇನೆ
ಒಂದು ಕಾಟು ಇಲ್ಲದೆ.

ಆಗಸ್ಟ್ ಬಂದರೆ ಗ್ಲೆನಿಸ್ ಟ್ರಾಂಟರ್
ಗಮ್‌ಬೂಟು ಮೆಟ್ಟಿಲ ಬುಡದಲ್ಲೇ ಬಿಟ್ಟು, ಕಾಲುಚೀಲದಲ್ಲಿ ಹತ್ತಿ ಬಂದು
ಐಸ್‌ಕ್ರೀಮಿನ ಹಳೇ ಡಬ್ಬಿಯಲ್ಲಿ ಹಳದಿ ಹಾಲು ಇಡುತ್ತಿದ್ದಳು.
ನಿಮ್ಮ ಕಡೆ ಇದನ್ನ ತಿನ್ನುತ್ತಾರಲ್ಲ, ತಗೋ.
ಬೆಲ್ಲ, ಏಲಕ್ಕಿ, ಹಬೆ.
ಚೌಕ ಕತ್ತರಿಸಿದ ಗಿಣ್ಣು ನಾಲಗೆಯ ಮೇಲೆ ನಡುಗುತ್ತಿತ್ತು,
ಒಂದೇ ತುತ್ತಿಗೆ ಮೂವತ್ತು ವರ್ಷ ಹಿಂದೆ ಹೋಗಿ ಬರುತ್ತಿದ್ದೆ.
ಅಜ್ಜಿ ಹೇಳುತ್ತಿದ್ದಳು, ಕರು ಕುಡಿದು ಮಿಕ್ಕಿದ್ದು ನಮ್ಮದು.
ಮಿಕ್ಕಿದ್ದು ಎಂಬ ಮಾತನ್ನು
ನಮ್ಮ ಮನೆಯಲ್ಲೂ ಯಾರೂ ಅಳೆದು ನೋಡಿರಲಿಲ್ಲ.

ಒಂದು ಗುರುವಾರ ಅವಳ ರಸೀದಿಗಳನ್ನು ತರಲು ನಾನೇ ಹೋದೆ.
ರಸ್ತೆಯಂಚಿನ ದೊಡ್ಡಿಯಲ್ಲಿ ಹದಿನಾಲ್ಕು ಗಂಡುಕರು,
ಐದು ದಿನದವು, ಹೊಕ್ಕುಳ ಬಳ್ಳಿ ಆಗಷ್ಟೇ ಒಣಗಿದವು.
ಬಾಬಿ, ಅಂದಳು.
ಯಾವುದು ಬಾಬಿ?
ಎಲ್ಲಾ.
ಅದು ಹೆಸರಲ್ಲ, ದರ್ಜೆ.
ಒಂದು ನನ್ನ ತೋರುಬೆರಳನ್ನು ಬಾಯಿಗೆಳೆದುಕೊಂಡಿತು,
ಒರಟು ನಾಲಗೆ, ಬಿಸಿ ಉಸಿರು,
ಲಾರಿ ಬರುವವರೆಗೂ ಬಿಡಲಿಲ್ಲ.
ಅದೇ ಬೆರಳಲ್ಲಿ ನಾನು ಕ್ಯಾಲ್ಕ್ಯುಲೇಟರ್ ಒತ್ತುವುದು.

ಗ್ಲೆನಿಸ್ ಕೆಟ್ಟವಳಲ್ಲ. ಇದನ್ನು ಬರೆಯಲೇಬೇಕು.
ಅವಳ ಲೆಕ್ಕ ನನಗೆ ಗೊತ್ತು, ಅವಳ ಗಂಡನಿಗೂ ಗೊತ್ತಿಲ್ಲದಷ್ಟು.
ಸೂಪರ್‌ಮಾರ್ಕೆಟ್ಟು ಹಾಲನ್ನು ನೀರಿಗಿಂತ ಅಗ್ಗಕ್ಕೆ ಮಾರಿದ ವರ್ಷ
ಹಲ್ಲು ಕೀಳಿಸುವುದನ್ನು ಮುಂದೂಡಿ, ಒಂದು ಬದಿಯಲ್ಲೇ ಅಗಿಯುತ್ತಾ,
ದನಗಳಿಗೆ ಮೇವು ಕೊಂಡಳು.
ಗಂಡುಕರು ಸಾಕಿದರೆ ಕುಡಿಯುವ ಹಾಲೆಷ್ಟು, ಮಾರಿದರೆ ಬರುವ ಕಾಸೆಷ್ಟು,
ಕೂಡಿ ಕಳೆದು ತೋರಿಸಿದವಳು ನಾನು,
ಕೆಂಪು ಶಾಯಿಯಲ್ಲಿ, ಅಡಿಗೆರೆ ಎಳೆದು.
ಆ ಲಾರಿಯ ಡೀಸೆಲಿನಲ್ಲಿ ನನ್ನ ಶಾಯಿಯ ಪಾಲಿದೆ.

ತೊರೆ ಎಂದರೆ
ಕರು ಗುದ್ದಿದಾಗ ಕೆಚ್ಚಲಿಗೆ ಹಾಲಿಳಿಯುವುದು.
ತೊರೆ ಎಂದರೆ ಹೊಳೆಯ ತಂಗಿ.
ತೊರೆ ಎಂದರೆ ಬಿಟ್ಟುಬಿಡು.
ಮೂರನ್ನೂ ಆ ಸಂಜೆ ಕೇಳಿಸಿಕೊಂಡೆ:
ಉಕ್ಕಿನ ಕೊಳವೆಯಲ್ಲಿ ಬೆಚ್ಚಗೆ ಹರಿಯುವ ಸದ್ದು,
ಖಾಲಿ ದೊಡ್ಡಿಯ ಕಡೆ ಕತ್ತು ಚಾಚಿ ಒಂದು ಹಸುವಿನ ಕೂಗು.
ನಾಲ್ಕನೇ ದಿನಕ್ಕೆ ಮರೆತುಬಿಡ್ತಾವೆ, ಅಂದಳು ಗ್ಲೆನಿಸ್
ನನ್ನ ಮುಖ ನೋಡದೆ.

ಹಾಲು ಬಿಟ್ಟೆ. ಮೊಸರು ಬಿಡಲು ಇನ್ನೊಂದು ಚಳಿಗಾಲ ಹಿಡಿಯಿತು.
ಕೈಗಡಿಯಾರದ ಪಟ್ಟಿ ಇನ್ನೂ ಚರ್ಮದ್ದೇ,
ಕಟ್ಟಿಕೊಳ್ಳುವಾಗೆಲ್ಲ ಒಂದು ತೂತು ಬಿಗಿಯಾಗುತ್ತದೆ.

ಈ ಆಗಸ್ಟಿನಲ್ಲೂ ಡಬ್ಬಿ ಬಂತು.
ಬೇಡ ಗ್ಲೆನಿಸ್, ಅಂದೆ.
ಅವಳು ಯಾಕೆಂದು ಕೇಳಲಿಲ್ಲ. ಕಾಲುಚೀಲದ ತೂತಿನಿಂದ
ಹೆಬ್ಬೆರಳು ಹೊರಗಿಟ್ಟು ಬಹಳ ಹೊತ್ತು ಕೂತಿದ್ದು ಕೇಳಿದಳು:
ಕೆಳಗಿನ ಹೊಲಕ್ಕೆ ಓಟ್ಸ್ ಹಾಕಿದರೆ ಎಷ್ಟಾಗುತ್ತೆ?
ಒತ್ತಿ ನೋಡಿದೆ. ನಷ್ಟ.
ಮತ್ತೆ ಒತ್ತಿದೆ, ಸಾಲದ ಕಂತು ತೆಗೆದು. ನಷ್ಟ, ಸ್ವಲ್ಪ ಕಡಿಮೆ.
ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟು
ಡಬ್ಬಿ ಎತ್ತಿಕೊಂಡು ಇಳಿದು ಹೋದಳು.

ತೆರೆದಿಟ್ಟ ಪುಟದ ಮೇಲೆ ಹಳದಿಯ ಒಂದು ಉಂಗುರ ಉಳಿದಿದೆ,
ಸಂಖ್ಯೆಗೂ ಬೆಲೆಗೂ ನಡುವೆ.
ಒಣಗಲಿ ಎಂದು ಪುಟ ಮಗುಚಿಲ್ಲ.